ಮೂಳೆ ಮುರಿದರೆ ಮಾಡಬೇಕಾದುದೇನು, ಮಾಡಬಾರದುದೇನು?



ಎತ್ತಿನ ಕಾಲು ಸ್ವಲ್ಪ ಕುಂಟಿದರೂ ನೀವು ಅದನ್ನು ಅಂದು ನೊಗಕ್ಕೆ ಕಟ್ಟುವುದಿಲ್ಲ. ಕೊಟ್ಟಿಗೆಯಲ್ಲಿ ನಿಲ್ಲಿಸಿ, ಪಶುವೈದ್ಯರನ್ನು ಕರೆಸಿ, ವಾಸಿಯಾಗುವವರೆಗೆ ಕಾಯುತ್ತೀರಿ. ಆದರೆ ಮನೆಯ ಮಗನೇ ಹುಣಸೆ ಮರದಿಂದ ಬಿದ್ದು ಕೈ ಊದಿಸಿಕೊಂಡು ಬಂದರೆ, "ಉಳುಕಿದೆ, ಎಣ್ಣೆ ಹಚ್ಚಿ ನೀವಿದರೆ ಸರಿಹೋಗುತ್ತದೆ" ಎಂದು ಎರಡು ಮೂರು ದಿನ ಕಳೆಯುವುದುಂಟು. ಆ ಎರಡು ಮೂರು ದಿನಗಳಲ್ಲಿ ಒಳ್ಳೆಯ ಕೈ ಕೆಟ್ಟುಹೋಗುವುದೂ ಉಂಟು. ದುಡಿಯುವವನಿಗೆ ಕೈಕಾಲೇ ಬಂಡವಾಳ. ಆದ್ದರಿಂದ ಈ ಸಂಚಿಕೆಯಲ್ಲಿ ಗೊಬ್ಬರ, ಬೀಜಗಳ ಮಾತನ್ನು ಸ್ವಲ್ಪ ಬದಿಗಿಟ್ಟು ಮೂಳೆ ಮುರಿತದ ವಿಚಾರವನ್ನು ತಿಳಿಯೋಣ. ನಾನು ವೈದ್ಯನಲ್ಲ, ಬೇಸಾಯ ಕಲಿತು ನಿಮ್ಮ ಹೊಲಗಳಲ್ಲಿ ತಿರುಗುವವನು. ವೈದ್ಯರ ಬಳಿಗೆ ಸರಿಯಾದ ಸ್ಥಿತಿಯಲ್ಲಿ, ಸರಿಯಾದ ಹೊತ್ತಿಗೆ ಹೋಗಲು ಪ್ರತಿಯೊಬ್ಬನೂ ತಿಳಿದಿರಬೇಕಾದಷ್ಟನ್ನು ಮಾತ್ರ ಇಲ್ಲಿ ಹೇಳಿದೆ.

ನಮ್ಮ ಕಡೆ ಮೂಳೆ ಮುರಿಯುವುದು ಹೇಗೆ?

ಕೆಂಗೇರಿ, ಕುಂಬಳಗೋಡು, ರಾಮೋಹಳ್ಳಿ, ಸೂಲಿಕೆರೆ, ತಾವರೆಕೆರೆ ಸುತ್ತಿನ ಊರುಗಳಲ್ಲಿ ಇಂದು ಹಳ್ಳಿಯ ಅಪಾಯಗಳೂ ಇವೆ, ಪಟ್ಟಣದ ಅಪಾಯಗಳೂ ಇವೆ. ತೆಂಗಿನ ಮರ, ಹುಣಸೆ ಮರ, ಮಾವಿನ ಮರಗಳಿಂದ ಬೀಳುವವರು ಹಿಂದಿನಂತೆಯೇ ಇದ್ದಾರೆ. ಟ್ರ್ಯಾಕ್ಟರು ಮಗುಚಿ ಬೀಳುವುದು, ಎತ್ತು ಹಾಯುವುದು, ಕೆಸರುಗದ್ದೆಯ ಬದುವಿನಲ್ಲಿ ಜಾರುವುದು ಇದ್ದೇ ಇದೆ. ಇದರ ಜೊತೆಗೆ ಹೊಲಗಳು ಬಡಾವಣೆಗಳಾಗುತ್ತಿರುವುದರಿಂದ ಕಟ್ಟಡದ ಸಾರುವೆಯಿಂದ ಬೀಳುವವರೂ, ಮೈಸೂರು ರಸ್ತೆಯಲ್ಲಿ ಮೋಟಾರು ಬೈಕಿನಿಂದ ಬೀಳುವವರೂ ಸೇರಿದ್ದಾರೆ. ಮನೆಯೊಳಗೆ ಬಚ್ಚಲಲ್ಲಿ ಜಾರಿ ಬೀಳುವ ಅಜ್ಜಿ ತಾತಂದಿರನ್ನೂ ಮರೆಯುವಂತಿಲ್ಲ.

ಮೂಳೆ ಎಂದರೆ ಏನು?

ಮೂಳೆ ಕಲ್ಲಿನಂತೆ ಸತ್ತ ವಸ್ತು ಎಂದು ಹಲವರು ತಿಳಿದಿದ್ದಾರೆ. ಇದು ತಪ್ಪು. ಬೆಳೆದ ಮನುಷ್ಯನ ಮೈಯಲ್ಲಿರುವ 206 ಮೂಳೆಗಳೂ ಜೀವಂತವಾದವು. ಅವುಗಳೊಳಗೆ ರಕ್ತನಾಳಗಳಿವೆ. ನರಗಳೂ ಇರುವುದರಿಂದಲೇ ಮುರಿದಾಗ ಅಷ್ಟು ನೋವು. ಮೂಳೆಯಲ್ಲಿ ಎರಡು ಮುಖ್ಯ ವಸ್ತುಗಳುಂಟು. ಒಂದು, ನಾರಿನಂತಹ ಸಸಾರಜನಕದ ಹೆಣಿಗೆ. ಇದು ಬಾಗುವ ಗುಣವನ್ನು ಕೊಡುತ್ತದೆ. ಇನ್ನೊಂದು, ಸುಣ್ಣ ಮತ್ತು ರಂಜಕ ಸೇರಿದ ಉಪ್ಪು; ಇದು ಗಟ್ಟಿತನವನ್ನು ಕೊಡುತ್ತದೆ. ರಂಜಕಕ್ಕಾಗಿ ನೀವು ಗಿಡಗಳ ಬುಡಕ್ಕೆ ಮೂಳೆಪುಡಿ ಹಾಕುವುದೂ ಈ ಕಾರಣಕ್ಕೇ. ಮಕ್ಕಳ ಮೂಳೆಯಲ್ಲಿ ನಾರಿನ ಗುಣ ಹೆಚ್ಚು. ವಯಸ್ಸಾದಂತೆ ಮೂಳೆಯ ಸಾರವೇ ಕಡಿಮೆಯಾಗಿ ಒಳಗೆ ಟೊಳ್ಳು ಹೆಚ್ಚುತ್ತದೆ.

ಮುರಿತದ ಬಗೆಗಳು

ಎಲ್ಲ ಮುರಿತವೂ ಒಂದೇ ರೀತಿಯದಲ್ಲ. ಸುಶ್ರುತ ಸಂಹಿತೆಯಲ್ಲಿಯೇ ಮೂಳೆ ಮುರಿತವನ್ನು 12 ಬಗೆಯಾಗಿಯೂ, ಕೀಲು ತಪ್ಪುವುದನ್ನು 6 ಬಗೆಯಾಗಿಯೂ ವಿಂಗಡಿಸಿದೆ. ನಾವು ಮುಖ್ಯವಾದವುಗಳನ್ನು ತಿಳಿದರೆ ಸಾಕು.

1. ಮುಚ್ಚಿದ ಮುರಿತ: ಮೂಳೆ ಒಳಗೇ ಮುರಿದಿರುತ್ತದೆ, ಮೇಲಿನ ಚರ್ಮ ಒಡೆದಿರುವುದಿಲ್ಲ.

2. ತೆರೆದ ಮುರಿತ: ಮುರಿದ ಜಾಗದಲ್ಲಿ ಚರ್ಮ ಹರಿದು ಗಾಯವಾಗಿರುತ್ತದೆ. ಕೆಲವೊಮ್ಮೆ ಮೂಳೆಯ ತುದಿ ಹೊರಗೆ ಕಾಣುತ್ತದೆ, ಕೆಲವೊಮ್ಮೆ ಸಣ್ಣ ತೂತು ಮಾತ್ರ ಇರುತ್ತದೆ. ಗಾಯ ಸಣ್ಣದೆಂದು ಅಲಕ್ಷ್ಯ ಮಾಡಬಾರದು. ಹೊಲದ ಮಣ್ಣು, ಸಗಣಿಗಳಲ್ಲಿ ಧನುರ್ವಾಯುವಿನ ರೋಗಾಣುಗಳಿರುತ್ತವೆ. ಅವು ಮತ್ತು ಇತರ ಕೀವಿನ ಅಣುಗಳು ಗಾಯದ ಮೂಲಕ ಒಳಗೆ ಇಳಿದರೆ ಕಾಲಿಗೂ ಜೀವಕ್ಕೂ ಅಪಾಯ. ಇದು ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಮುರಿತ.

3. ಹಸಿಕಡ್ಡಿ ಮುರಿತ: ಹಸಿ ಕೊಂಬೆಯನ್ನು ಬಗ್ಗಿಸಿದರೆ ಒಂದು ಪಕ್ಕ ಸೀಳಿ ಇನ್ನೊಂದು ಪಕ್ಕ ಬಾಗಿ ನಿಲ್ಲುತ್ತದಲ್ಲವೆ? ಚಿಕ್ಕ ಮಕ್ಕಳ ಮೂಳೆ ಹೀಗೆ ಮುರಿಯುತ್ತದೆ. ಊತ ಕಡಿಮೆ ಇರುವುದರಿಂದ ತಾಯಿತಂದೆಯರು ಉಳುಕೆಂದು ಭಾವಿಸುವುದು ಹೆಚ್ಚು.

4. ಅಡ್ಡ, ಓರೆ, ತಿರುಚಿದ ಮುರಿತಗಳು: ನೇರ ಏಟು ಬಿದ್ದರೆ ಅಡ್ಡಲಾಗಿ ಮುರಿಯಬಹುದು. ಕಾಲು ಒಂದು ಕಡೆ ಸಿಕ್ಕಿಕೊಂಡು ಮೈ ಇನ್ನೊಂದು ಕಡೆ ತಿರುಗಿದರೆ ಮೂಳೆ ಹಗ್ಗ ಹೊಸೆದಂತೆ ತಿರುಚಿ ಮುರಿಯುತ್ತದೆ. ಓರೆಯಾದ ಮುರಿತದಲ್ಲಿ ತುದಿಗಳು ಒಂದರ ಮೇಲೊಂದು ಜಾರುತ್ತವೆ, ಕೈಕಾಲು ಗಿಡ್ಡವಾಗುತ್ತದೆ.

5. ಚೂರು ಮುರಿತ: ವಾಹನದ ಅಪಘಾತದಲ್ಲಿ, ಭಾರ ಮೇಲೆ ಬಿದ್ದಾಗ ಮೂಳೆ ಮೂರು ನಾಲ್ಕು ಚೂರಾಗುತ್ತದೆ.

6. ಕುಸಿದ ಮುರಿತ: ತೆಂಗಿನ ಮರದಿಂದ ಬಿದ್ದು ಕುಂಡೆಯ ಮೇಲೆ ಕೂತವನ ಬೆನ್ನುಮೂಳೆಯ ಮಣಿ, ಭಾರದ ಮೂಟೆಯ ಕೆಳಗಿನ ಬುಟ್ಟಿಯಂತೆ ಕುಸಿಯುತ್ತದೆ. ಹಿಮ್ಮಡಿಯೂ ಒಡೆಯಬಹುದು.

7. ಸವೆದ ಮೂಳೆಯ ಮುರಿತ: ವಯಸ್ಸಾದವರಿಗೆ, ಅದರಲ್ಲೂ ಮುಟ್ಟು ನಿಂತ ಹೆಂಗಸರಿಗೆ, ಸಣ್ಣ ಬೀಳುವಿಕೆಯಿಂದಲೇ ಮಣಿಕಟ್ಟು, ಸೊಂಟದ ಬಳಿಯ ತೊಡೆಮೂಳೆ ಮುರಿಯುತ್ತವೆ.

ಮುರಿದಿದೆ ಎಂದು ತಿಳಿಯುವುದು ಹೇಗೆ?

ಬಿದ್ದ ಜಾಗದಲ್ಲಿ ಬಲವಾದ ನೋವು, ಊತ, ನೀಲಿಗಟ್ಟುವಿಕೆ, ಮುಟ್ಟಿದರೆ ಒಂದೇ ಜಾಗದಲ್ಲಿ ಸಹಿಸಲಾರದ ನೋವು, ಕೈಕಾಲು ಡೊಂಕಾಗಿರುವುದು ಅಥವಾ ಗಿಡ್ಡವಾಗಿರುವುದು, ಭಾರ ಹಾಕಲಾಗದಿರುವುದು. ಇವು ಮುಖ್ಯ ಗುರುತುಗಳು. "ಬೆರಳು ಆಡುತ್ತದೆ, ಆದ್ದರಿಂದ ಮುರಿದಿಲ್ಲ" ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಇದನ್ನು ನಂಬಬೇಡಿ. ಮೂಳೆ ಮುರಿದರೂ ಸ್ನಾಯು, ನರಗಳು ಸರಿಯಿದ್ದರೆ ಬೆರಳು ಆಡುತ್ತದೆ. ಉಳುಕೋ ಮುರಿತವೋ ಎಂಬುದನ್ನು ಎಕ್ಸ್-ರೇ ಚಿತ್ರವೇ ಹೇಳಬೇಕು. ಅನುಮಾನವಿದ್ದರೆ ಮುರಿದಿದೆ ಎಂದೇ ತಿಳಿದು ನಡೆಯುವುದು ಜಾಣತನ.

ಆಸ್ಪತ್ರೆಗೆ ಹೋಗುವ ಮುಂಚೆ

ಬಿದ್ದವನನ್ನು ಒಮ್ಮೆಲೇ ಎತ್ತಿ ನಿಲ್ಲಿಸಬಾರದು. ಮೊದಲು ಪ್ರಜ್ಞೆ ಇದೆಯೆ, ಉಸಿರಾಟ ಸರಿಯಿದೆಯೆ, ರಕ್ತ ಸುರಿಯುತ್ತಿದೆಯೆ ಎಂದು ನೋಡಿ. 108ಕ್ಕೆ ದೂರವಾಣಿ ಮಾಡಿ ಆಂಬುಲೆನ್ಸು ಕರೆಸಿ. ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ ಈ ಸೇವೆಗೆ ಹಣ ಕೊಡಬೇಕಾಗಿಲ್ಲ. ಅದು ಬರುವವರೆಗೆ ಈ ಕೆಲಸಗಳನ್ನು ಮಾಡಬಹುದು.

ರಕ್ತ ಬರುತ್ತಿದ್ದರೆ ಒಗೆದ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಒತ್ತಿ ಹಿಡಿಯಿರಿ. ಹೊರಗೆ ಬಂದ ಮೂಳೆಯನ್ನು ಒಳಗೆ ತಳ್ಳಬೇಡಿ. ಅದರ ಮೇಲೆ ಒತ್ತಲೂ ಬೇಡಿ, ಸುತ್ತ ಒತ್ತಿ. ಅರಿಸಿನ, ಕಾಫಿಪುಡಿ, ಸೊಪ್ಪಿನ ರಸ, ಮಣ್ಣು ಯಾವುದನ್ನೂ ಗಾಯಕ್ಕೆ ತುಂಬಬೇಡಿ.

ಮುರಿದ ಭಾಗ ಅಲುಗಾಡದಂತೆ ದಬ್ಬೆ ಕಟ್ಟಿ. ಬಿದಿರಿನ ದಬ್ಬೆ, ಮರದ ಪಟ್ಟಿ, ಮಡಿಸಿದ ದಪ್ಪ ವೃತ್ತಪತ್ರಿಕೆ, ಕೊಡೆ, ಯಾವುದಾದರೂ ಆದೀತು. ದಬ್ಬೆಗೂ ಮೈಗೂ ನಡುವೆ ಮೆತ್ತನೆಯ ಬಟ್ಟೆ ಇರಲಿ. ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲುಗದಂತೆ ದಬ್ಬೆ ಉದ್ದವಾಗಿರಬೇಕು. ಡೊಂಕಾದುದನ್ನು ಎಳೆದು ನೆಟ್ಟಗೆ ಮಾಡಲು ಹೋಗದೆ, ಇದ್ದ ಹಾಗೆಯೇ ಕಟ್ಟಿ. ಕಟ್ಟು ಮುರಿದ ಜಾಗದ ಮೇಲೆ ಬೀಳದಿರಲಿ, ಬಿಗಿಯೂ ಆಗದಿರಲಿ. ಕೈ ಮುರಿದಿದ್ದರೆ ಟವಲನ್ನು ಕೊರಳಿಗೆ ಜೋಲಿಯಂತೆ ಕಟ್ಟಿ ಅದರಲ್ಲಿ ಕೈಯನ್ನಿಡಿ. ಕಾಲಾದರೆ ಒಳ್ಳೆಯ ಕಾಲಿನ ಜೊತೆಗೇ ಸೇರಿಸಿ ಕಟ್ಟಬಹುದು.

ಊತ ಏರುವ ಮೊದಲೇ ಬಳೆ, ಉಂಗುರ, ಕಾಲುಂಗುರ, ಕೈಗಡಿಯಾರಗಳನ್ನು ತೆಗೆದುಬಿಡಿ. ಅರಿವಳಿಕೆ ಮದ್ದು ಕೊಡಬೇಕಾಗಬಹುದಾದ್ದರಿಂದ ವೈದ್ಯರು ನೋಡುವವರೆಗೆ ಊಟ, ಕಾಫಿ ಕೊಡಬೇಡಿ.

ಮರದಿಂದ ಅಥವಾ ಮಾಳಿಗೆಯಿಂದ ಬಿದ್ದವನಿಗೆ ಬೆನ್ನು, ಕತ್ತು ನೋಯುತ್ತಿದ್ದರೆ, ಕಾಲು ಜೋಮು ಹಿಡಿದಿದ್ದರೆ, ಇನ್ನೂ ಹೆಚ್ಚಿನ ಎಚ್ಚರ ಬೇಕು. ಬೆನ್ನುಮೂಳೆಯೊಳಗೆ ನರಗಳ ದೊಡ್ಡ ಹುರಿ ಇದೆ. ಇಬ್ಬರು ತೋಳು ಹಿಡಿದು, ಇಬ್ಬರು ಕಾಲು ಹಿಡಿದು ತೊಟ್ಟಿಲಿನಂತೆ ಎತ್ತಿದರೆ ಮುರಿದ ಮಣಿ ಸರಿದು ಆ ಹುರಿ ಜಜ್ಜಿಹೋಗಬಹುದು; ನಡೆಯಬಹುದಾಗಿದ್ದವನು ಜೀವಮಾನವಿಡೀ ಹಾಸಿಗೆ ಹಿಡಿಯಬಹುದು. ಅವನನ್ನು ಮಲಗಿದಲ್ಲೇ ಬಿಟ್ಟು, ತಲೆ ಅಲುಗದಂತೆ ಒಬ್ಬರು ಹಿಡಿದುಕೊಂಡು ಆಂಬುಲೆನ್ಸಿಗೆ ಕಾಯಿರಿ. ಸಾಗಿಸಲೇಬೇಕಾದರೆ ನಾಲ್ಕೈದು ಜನ ಸೇರಿ, ತಲೆ, ಬೆನ್ನು, ಸೊಂಟ ಒಂದೇ ಸಮನಾಗಿ ತಿರುಗುವಂತೆ ಮರದ ದಿಮ್ಮಿಯನ್ನು ಉರುಳಿಸಿದ ಹಾಗೆ ಉರುಳಿಸಿ ಬಾಗಿಲ ಹಲಗೆಯ ಮೇಲೆ ಮಲಗಿಸಿ ಒಯ್ಯಬೇಕು.

ನಾಟಿ ಕಟ್ಟಿನ ವಿಚಾರ

ಈ ಮಾತನ್ನು ಹೇಳುವಾಗ ಹಿರಿಯರು ಬೇಸರ ಪಡಬಾರದು. ಮೂಳೆ ಕಟ್ಟುವ ವಿದ್ಯೆ ನಮ್ಮಲ್ಲಿ ಬಹು ಹಳೆಯದು. ಅತ್ತಿ, ಆಲ, ಅರಳಿ ಮೊದಲಾದ ಮರಗಳ ತೊಗಟೆ ಮತ್ತು ಬಿದಿರಿನಿಂದ ದಬ್ಬೆ ಕಟ್ಟುವುದನ್ನು ಸುಶ್ರುತನ ಗ್ರಂಥವೇ ಹೇಳುತ್ತದೆ. ಆಂಧ್ರದ ಪುತ್ತೂರಿನ ಕಟ್ಟು ದಕ್ಷಿಣ ದೇಶದಲ್ಲೆಲ್ಲ ಹೆಸರಾದುದು; ಬೆಂಗಳೂರಿನ ಬೀದಿಗಳಲ್ಲಿಯೂ ಆ ಹೆಸರಿನ ಹಲಗೆಗಳನ್ನು ಕಾಣುತ್ತೇವೆ. ಖರ್ಚು ಕಡಿಮೆ, ಕತ್ತರಿಸುವುದಿಲ್ಲ, ಬೇಗ ಮನೆಗೆ ಹೋಗಬಹುದು ಎಂದು ಜನ ಹೋಗುತ್ತಾರೆ. ಹಲವು ಮುರಿತಗಳು ಜಾಗ ಬಿಟ್ಟು ಸರಿದಿರುವುದಿಲ್ಲ. ಅವು ಯಾರು ಕಟ್ಟಿದರೂ ಕೂಡಿಕೊಳ್ಳುತ್ತವೆ. ಹೀಗೆ ಗುಣವಾದವರ ಸುದ್ದಿ ಊರೆಲ್ಲ ಹರಡುತ್ತದೆ. ಕೆಟ್ಟವರ ಸುದ್ದಿ ಮನೆಯೊಳಗೇ ಉಳಿಯುತ್ತದೆ.

ಕೆಡುವುದು ಹೇಗೆಂಬುದನ್ನು ತಿಳಿಯಿರಿ. ಮುರಿದ ಮೇಲೆ ಎರಡು ಮೂರು ದಿನ ಊತ ಏರುತ್ತಲೇ ಇರುತ್ತದೆ. ಸುತ್ತಲೂ ಬಿದಿರಿನ ದಬ್ಬೆ ಬಿಗಿದಿದ್ದರೆ ಊತಕ್ಕೆ ಹೊರಗೆ ಜಾಗವಿಲ್ಲ. ಅದು ಒಳಗೆ ರಕ್ತನಾಳಗಳನ್ನೇ ಒತ್ತುತ್ತದೆ. ಕಾಲುವೆಯ ತೂಬು ಮುಚ್ಚಿದರೆ ಕೆಳಗಿನ ಪೈರು ಒಣಗುವಂತೆ, ರಕ್ತ ನಿಂತರೆ ಸ್ನಾಯು ಸಾಯುತ್ತದೆ. ಪೈರಾದರೂ ನಾಲ್ಕು ದಿನ ತಾಳೀತು; ಸ್ನಾಯು ಸುಮಾರು 6 ಗಂಟೆಗಿಂತ ಹೆಚ್ಚು ತಾಳಲಾರದು. ಆಮೇಲೆ ಬೆರಳುಗಳು ಹಕ್ಕಿಯ ಉಗುರಿನಂತೆ ಮಡಿಸಿಕೊಂಡು ಶಾಶ್ವತವಾಗಿ ಸೆಟೆಯಬಹುದು, ಇಲ್ಲವೆ ಕಪ್ಪಾಗಿ ಕೊಳೆಯಬಹುದು. ಬಿಗಿ ಕಟ್ಟಿನಿಂದ ಹೀಗೆ ಕೊಳೆತ ಮಕ್ಕಳ ಕೈಗಳನ್ನು ಕತ್ತರಿಸಬೇಕಾಗಿ ಬಂದ ಪ್ರಸಂಗಗಳನ್ನು ನಮ್ಮ ದೇಶದ ವೈದ್ಯರು ಮತ್ತೆ ಮತ್ತೆ ಬರೆದಿಟ್ಟಿದ್ದಾರೆ. ಆಸ್ಪತ್ರೆಯ ಪ್ಲಾಸ್ಟರು ಬಿಗಿಯಾದರೂ ಇದೇ ಅಪಾಯ ಉಂಟು. ಆದ್ದರಿಂದಲೇ ಅಲ್ಲಿ ಮೊದಲು ಅರ್ಧ ಪಟ್ಟಿ ಮಾತ್ರ ಹಾಕಿ, ಊತ ಇಳಿದ ಮೇಲೆ ಪೂರ್ತಿ ಕಟ್ಟುವುದು.

ಯಾರು ಕಟ್ಟಿದ್ದರೂ ಸರಿಯೆ, ಈ ಗುರುತುಗಳನ್ನು ಬಾಯಿಪಾಠ ಮಾಡಿಕೊಳ್ಳಿ: ಕಟ್ಟಿದ ಮೇಲೆ ನೋವು ಕಡಿಮೆಯಾಗದೆ ಏರುತ್ತ ಹೋಗುವುದು, ಬೆರಳುಗಳನ್ನು ಬೇರೆಯವರು ಮೆಲ್ಲಗೆ ಬಿಡಿಸಿದರೂ ಚೀರುವಷ್ಟು ನೋವು, ಬೆರಳು ಜೋಮು ಹಿಡಿಯುವುದು, ತಣ್ಣಗಾಗುವುದು, ಬಿಳಿಚುವುದು ಅಥವಾ ನೀಲಿಯಾಗುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ನಾಟಿ ಕಟ್ಟಾದರೆ ಆ ಕ್ಷಣವೇ ಸಡಿಲಿಸಿ; ಪ್ಲಾಸ್ಟರಾದರೆ ರಾತ್ರಿಯಾದರೂ ಆಸ್ಪತ್ರೆಗೆ ಧಾವಿಸಿ.

ಇನ್ನೊಂದು ಮಾತು. ಮೊಣಕೈಗೆ ಪೆಟ್ಟಾದ ಮಗುವಿಗೆ ನೀವಿಸಬೇಡಿ. ನೀವಿದರೆ ಕೀಲಿನ ಸುತ್ತಲಿನ ಸ್ನಾಯುವಿನೊಳಗೆ ಹೊಸ ಮೂಳೆ ಬೆಳೆದು, ಮೊಣಕೈ ಮಡಿಸಲಾಗದಂತೆ ಹಿಡಿದುಕೊಳ್ಳಬಹುದು.

ಆಸ್ಪತ್ರೆಯಲ್ಲಿ ಮಾಡುವುದೇನು?

ಚಿಕಿತ್ಸೆ ಏನೇ ಇರಲಿ, ಅದರ ಹಿಂದಿನ ಸೂತ್ರ ಮೂರೇ: ಮೂಳೆಯ ತುದಿಗಳನ್ನು ಸರಿಯಾಗಿ ಕೂಡಿಸುವುದು, ಕೂಡಿಸಿದುದನ್ನು ಅಲುಗದಂತೆ ಹಿಡಿದಿಡುವುದು, ಸ್ನಾಯು ಮತ್ತು ಕೀಲುಗಳಿಗೆ ಮತ್ತೆ ಕೆಲಸ ಕಲಿಸುವುದು.

ಮೊದಲು ಎಕ್ಸ್-ರೇ ತೆಗೆಯುತ್ತಾರೆ. 1895ರಲ್ಲಿ ಜರ್ಮನಿಯ ರಾಂಟ್‌ಜನ್ ಎಂಬ ವಿಜ್ಞಾನಿ ಈ ಕಿರಣಗಳನ್ನು ಕಂಡುಹಿಡಿದ ಮೇಲೆ ಮೈಯನ್ನು ಕೊಯ್ಯದೆ ಮೂಳೆಯನ್ನು ನೋಡುವುದು ಸಾಧ್ಯವಾಯಿತು. ಮೂಳೆ ಸರಿದಿದ್ದರೆ ಅರಿವಳಿಕೆ ಕೊಟ್ಟು, ಎಳೆದು ಕೂಡಿಸುತ್ತಾರೆ. ಬಳಿಕ ಪ್ಲಾಸ್ಟರು. ಇದೇನೂ ನಿಮಗೆ ಹೊಸ ವಸ್ತುವಲ್ಲ. ಕಡಲೆಕಾಯಿ ಬೆಳೆಗೆ ಹಾಕುವ ಜಿಪ್ಸಮ್ಮನ್ನು ಕಾಯಿಸಿ ನೀರಿನಂಶ ತೆಗೆದ ಪುಡಿಯೇ ಪ್ಲಾಸ್ಟರು. ನೀರು ಸೋಕಿದೊಡನೆ ಅದು ಮತ್ತೆ ಕಲ್ಲಾಗುತ್ತದೆ. 19ನೆಯ ಶತಮಾನದ ನಡುವಿನಲ್ಲಿ ಮಥೈಸನ್ ಎಂಬ ಡಚ್ ಸೇನಾವೈದ್ಯ ಈ ಪುಡಿ ಸವರಿದ ಬಟ್ಟೆಯ ಸುರುಳಿಯನ್ನು ಬಳಕೆಗೆ ತಂದನು.

ತೊಡೆಮೂಳೆ, ಚೂರಾದ ಮೂಳೆ, ಕೀಲಿನೊಳಗೆ ಸೀಳಿದ ಮೂಳೆ ಮುಂತಾದವು ಪ್ಲಾಸ್ಟರಿಗೆ ಸುಲಭವಾಗಿ ನಿಲ್ಲುವುದಿಲ್ಲ. ಆಗ ಉಕ್ಕಿನ ಪಟ್ಟಿ ಮತ್ತು ತಿರುಪು ಹಾಕುತ್ತಾರೆ. ಇಲ್ಲವೆ ಮೂಳೆಯ ಟೊಳ್ಳಿನೊಳಗೆ ಸಲಾಕೆ ತೂರಿಸುತ್ತಾರೆ. ತೆರೆದ ಮುರಿತದಲ್ಲಿ ಗಾಯವನ್ನು ಚೆನ್ನಾಗಿ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಮತ್ತು ಕೀವು ತಡೆಯುವ ಔಷಧಗಳನ್ನು ಕೊಟ್ಟು, ಬೇಕಾದರೆ ಹೊರಗಿನಿಂದಲೇ ಸರಳುಗಳ ಚೌಕಟ್ಟು ಕಟ್ಟುತ್ತಾರೆ. "ಆಪರೇಷನ್" ಎಂದೊಡನೆ ಹೆದರಿ ರಾತ್ರೋರಾತ್ರಿ ಆಸ್ಪತ್ರೆಯಿಂದ ಹೊರಟುಬಿಡಬೇಡಿ. ಏಕೆ ಬೇಕು, ಮಾಡದಿದ್ದರೆ ಏನಾದೀತು ಎಂದು ವೈದ್ಯರನ್ನೇ ಕೇಳಿ. ಕೇಳುವುದು ನಿಮ್ಮ ಹಕ್ಕು.

ಸೊಂಟದ ಬಳಿ ಮೂಳೆ ಮುರಿದ ಮುದುಕರನ್ನು "ವಯಸ್ಸಾಯಿತು, ಇನ್ನೇಕೆ ಆಪರೇಷನ್" ಎಂದು ಮೂಲೆಯಲ್ಲಿ ಮಲಗಿಸಬೇಡಿ. ಮಲಗಿದವರಿಗೆ ಬೆನ್ನು ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ. ಪ್ರಾಣ ಹೋಗುವುದು ಹೆಚ್ಚಾಗಿ ಮುರಿತದಿಂದಲ್ಲ, ಮಲಗಿದ್ದರಿಂದ. ಒಂದೆರಡು ದಿನಗಳೊಳಗೆ ಆಪರೇಷನ್ ಮಾಡಿಸಿ ಬೇಗ ಎಬ್ಬಿಸಿ ಕೂರಿಸಿದರೆ ಮತ್ತೆ ಅಂಗಳದಲ್ಲಿ ಓಡಾಡುವ ಆಸೆಯುಂಟು.

ಮುರಿದ ಮೂಳೆ ಕೂಡುವ ಬಗೆ

ಮೂಳೆಯನ್ನು ಕೂಡಿಸುವುದು ಪ್ಲಾಸ್ಟರೂ ಅಲ್ಲ, ಸಲಾಕೆಯೂ ಅಲ್ಲ; ಮೈಯೇ ಕೂಡಿಸಿಕೊಳ್ಳುತ್ತದೆ. ಮಾವಿನ ಕಸಿ ಕಟ್ಟುವುದನ್ನು ನೆನೆಯಿರಿ. ಕಸಿಕಡ್ಡಿಯ ಹಸಿಭಾಗ ಸಸಿಯ ಹಸಿಭಾಗಕ್ಕೆ ಸರಿಯಾಗಿ ಕೂಡಬೇಕು, ಪಟ್ಟಿ ಅಲುಗಬಾರದು, ಬೇರಿನಿಂದ ರಸ ಬರುತ್ತಿರಬೇಕು. ಹತ್ತಿತೇ ಎಂದು ದಿನಕ್ಕೊಮ್ಮೆ ಬಿಚ್ಚಿ ನೋಡುವವನ ಕಸಿ ಹತ್ತುವುದಿಲ್ಲ. ಮೂಳೆಯ ಕತೆಯೂ ಹೀಗೆಯೇ.

ಮುರಿದೊಡನೆ ಆ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೊದಲ ಕೆಲವು ದಿನ ಊತ, ಬಿಸಿ ಇರುವುದು ದುರಸ್ತಿ ಆರಂಭವಾದ ಗುರುತು. ಎರಡು ಮೂರು ವಾರಗಳಲ್ಲಿ ಹೆಪ್ಪಿನ ಜಾಗದಲ್ಲಿ ನಾರು ಮತ್ತು ಮೆಲುಬಿನ ಮೆತ್ತನೆಯ ಗಂಟು ಬೆಳೆಯುತ್ತದೆ. ಆಮೇಲೆ ಅದರಲ್ಲಿ ಸುಣ್ಣ ಸೇರಿ ಗಟ್ಟಿ ಗಂಟಾಗುತ್ತದೆ. ಕೊನೆಗೆ ತಿಂಗಳುಗಳು, ವರ್ಷಗಳ ಕಾಲ ಮೈಯು ಬೇಡದ್ದನ್ನು ಕೆತ್ತಿ, ಬೇಕಾದ ಕಡೆ ತುಂಬಿ, ಮೂಳೆಯನ್ನು ಮೊದಲಿನ ಆಕಾರಕ್ಕೆ ತರುತ್ತದೆ. ನೋವು ಹೋದೊಡನೆ ಮೂಳೆ ಕೂಡಿತೆಂದು ಅರ್ಥವಲ್ಲ. ಮೆತ್ತನೆಯ ಗಂಟಿನ ಕಾಲದಲ್ಲಿಯೇ ನೇಗಿಲು ಹಿಡಿದರೆ ಮತ್ತೆ ಮುರಿಯುತ್ತದೆ, ಇಲ್ಲವೆ ಸೊಟ್ಟಗೆ ಕೂಡುತ್ತದೆ. ತಾಳಿದವನು ಬಾಳಿಯಾನು.

ಸಾಮಾನ್ಯವಾಗಿ ಹಿಡಿಯುವ ಕಾಲ ಹೀಗಿದೆ:

ಮಕ್ಕಳ ಮುಂಗೈ: 3ರಿಂದ 6 ವಾರ
ದೊಡ್ಡವರ ಮಣಿಕಟ್ಟು, ಪಕ್ಕೆಲುಬು: ಸುಮಾರು 6 ವಾರ
ಕೊರಳೆಲುಬು: 6ರಿಂದ 8 ವಾರ
ದೊಡ್ಡವರ ಮುಂಗೈಯ ಎರಡೂ ಮೂಳೆ: 8ರಿಂದ 12 ವಾರ
ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ: 12ರಿಂದ 16 ವಾರ, ತೆರೆದ ಮುರಿತವಾದರೆ ಇನ್ನೂ ಹೆಚ್ಚು
ತೊಡೆಮೂಳೆ: 12ರಿಂದ 20 ವಾರ

ಇದು ಅಂದಾಜು ಮಾತ್ರ. ಯಾವಾಗ ಭಾರ ಹಾಕಬಹುದೆಂಬುದನ್ನು ವೈದ್ಯರು ಮತ್ತೊಮ್ಮೆ ಎಕ್ಸ್-ರೇ ನೋಡಿ ಹೇಳಬೇಕು.

ಪ್ಲಾಸ್ಟರು ಇರುವಾಗ ಅದನ್ನು ನೆನೆಸಬೇಡಿ. ನವೆಯಾದರೆ ಕಡ್ಡಿ ತೂರಿಸಿ ಕೆರೆಯಬೇಡಿ. ಒಳಗೆ ಗಾಯವಾಗಿ ಕೀವಾಗುತ್ತದೆ. ಮೊದಲ ದಿನಗಳಲ್ಲಿ ಕೈಯನ್ನು ಎದೆಗಿಂತ ಮೇಲೆ, ಕಾಲನ್ನು ದಿಂಬಿನ ಮೇಲೆ ಇಡಿ. ಬೆರಳುಗಳನ್ನು ಗಂಟೆಗೊಮ್ಮೆ ಆಡಿಸಿ. ಪ್ಲಾಸ್ಟರು ಬಿಚ್ಚಿದಾಗ ಕೈ ಸಣ್ಣಗಾಗಿ ಸೆಟೆದಿರುವುದು ಸಹಜ. ಹೇಳಿಕೊಟ್ಟ ವ್ಯಾಯಾಮವನ್ನು ದಿನವೂ ಮಾಡಿದರೆ ಬಲ ಮರಳುತ್ತದೆ.

ಆಹಾರ ಮತ್ತು ಅಭ್ಯಾಸ

ಮೂಳೆಗೆ ಬೇಕಾದ ಗೊಬ್ಬರ ನಿಮ್ಮ ಹೊಲದಲ್ಲಿಯೇ ಇದೆ. ಪಟ್ಟಣದವರು ಈಗ ಹುಡುಕಿಕೊಂಡು ತಿನ್ನುವ ರಾಗಿಯ 100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಅಕ್ಕಿಯಲ್ಲಿ ಇದರ ಹತ್ತನೆಯ ಒಂದು ಪಾಲೂ ಇಲ್ಲ. ಬೆಳೆದವರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಬೇಕು. ಮುದ್ದೆಯ ಜೊತೆಗೆ ಹಾಲು, ಮೊಸರು, ನುಗ್ಗೆಸೊಪ್ಪು, ಎಳ್ಳು ಇರಲಿ. ನಾರಿನ ಹೆಣಿಗೆಗೆ ಹುರುಳಿ, ಅವರೆ, ತೊಗರಿ, ಮೊಟ್ಟೆ ಬೇಕು. ಡೇರಿಗೆ ಹಾಲು ಹಾಕುವಾಗ ಕಟ್ಟು ಹಾಕಿಸಿಕೊಂಡ ಮಗುವಿಗೂ ಅಜ್ಜಿಗೂ ಒಂದೊಂದು ಲೋಟ ಉಳಿಸಿ. ಸುಣ್ಣಾಂಶ ಮೈಗೆ ಹತ್ತಲು ಬಿಸಿಲು ಬೇಕು. ಮನೆಯೊಳಗೇ ಕೂರುವವರು ದಿನಕ್ಕೆ ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಕೂರಲಿ.

ಬೀಡಿ ಸಿಗರೇಟು ಸೇದುವವರ ಮೂಳೆ ತಡವಾಗಿ ಕೂಡುತ್ತದೆ, ಕೆಲವರದು ಕೂಡುವುದೇ ಇಲ್ಲ. ಸಿಹಿಮೂತ್ರ ರೋಗವಿದ್ದವರು ಅದನ್ನು ಹತೋಟಿಯಲ್ಲಿಡಬೇಕು.

ಎಲ್ಲಿಗೆ ಹೋಗಬೇಕು?

ಬೆಂಗಳೂರಿನಲ್ಲಿ ಜಯನಗರದ ಬಳಿ ಇರುವ ಸಂಜಯ ಗಾಂಧಿ ಆಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಇದಕ್ಕೆಂದೇ ಇರುವ ಸರ್ಕಾರಿ ಸಂಸ್ಥೆ. 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಯಲ್ಲಿಯೂ ಅಪಘಾತ ಚಿಕಿತ್ಸೆಯ ವಿಭಾಗವಿದೆ. ಕುಂಬಳಗೋಡು, ಪೀಣ್ಯ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವ ನಿಮ್ಮ ಮಕ್ಕಳಿಗೆ ಇ.ಎಸ್.ಐ. ಚೀಟಿ ಇದ್ದರೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಹೋಗಬಹುದು; ಆ ಸೌಲಭ್ಯ ಅವರನ್ನು ಅವಲಂಬಿಸಿದ ತಾಯಿತಂದೆಯರಿಗೂ ಉಂಟು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ಪಡಿತರ ಚೀಟಿ, ಆಧಾರ್ ಚೀಟಿಗಳನ್ನು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಒಂದೇ ಕಡೆ ಇಡಿ. ದುಡ್ಡಿಲ್ಲವೆಂಬ ಅಂಜಿಕೆಯಿಂದ ಕೈ ಕಳೆದುಕೊಳ್ಳಬೇಡಿ.

ಬೀಳದಂತೆ ನೋಡಿಕೊಳ್ಳಿ

ಮಳೆ ಬಂದ ದಿನ ಮರ ಹತ್ತಬೇಡಿ. ತೆಂಗಿಗೆ ಹತ್ತುವ ಯಂತ್ರವನ್ನೂ ಸೊಂಟದ ಪಟ್ಟಿಯನ್ನೂ ಬಳಸಿ. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಬೇಡಿ. ಬೈಕಿನಲ್ಲಿ ಹಿಂದೆ ಕೂತವರೂ ಹೆಲ್ಮೆಟ್ಟು ಹಾಕಲಿ. ಬಚ್ಚಲ ಪಾಚಿಯನ್ನು ಉಜ್ಜಿ ತೆಗೆದು, ಗೋಡೆಗೊಂದು ಹಿಡಿಕೆ ಹಾಕಿಸಿ, ರಾತ್ರಿ ಒಂದು ದೀಪ ಉರಿಯಲಿ. ಇದರ ಖರ್ಚು ಒಂದು ಮೂಟೆ ಗೊಬ್ಬರದ ಬೆಲೆಯನ್ನು ಹೆಚ್ಚಾಗಿ ಮೀರದು.

ಈ ಪುಟವನ್ನು ಓದಿದವರು ಓದಲು ಬಾರದ ನೆರೆಯವರಿಗೂ ಓದಿ ಹೇಳಿರಿ. ಯುವಕ ಸಂಘದವರೂ ಮಹಿಳಾ ಸಂಘದವರೂ ಒಂದು ಸಂಜೆ ಸೇರಿ ದಬ್ಬೆ ಕಟ್ಟುವುದನ್ನೂ, ಬೆನ್ನು ಮುರಿದವನನ್ನು ಹಲಗೆಗೆ ಉರುಳಿಸುವುದನ್ನೂ ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡಿದರೆ ಇನ್ನೂ ಮೇಲು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿದರೆ ತೋರಿಸಿಕೊಟ್ಟಾರು. ಊರಿಗೆ ಇದನ್ನು ಬಲ್ಲವರು ನಾಲ್ಕು ಜನ ಇದ್ದರೂ ಸಾಕು.